ಎಕ್ಸ್ ಬಿದ್ದ ಮನೆ

ನಮ್ಮವ್ವ ಅಂಗನವಾಡಿ ಟೀಚರು. ಸರ್ಕಾರಿ ಕಾಗದದಲ್ಲಿ 'ಕಾರ್ಯಕರ್ತೆ'. ನಾನು ಬೆಂಗಳೂರಲ್ಲಿ ಸಾಫ್ಟ್‌ವೇರು. ರಾತ್ರಿ ಒಂಬತ್ತರ ಮೇಲೆ ಅವ್ವನ ಫೋನು ಬಂದರೆ ಮೊದಲೆಲ್ಲ ಎದೆ ಧಸಕ್ ಅನ್ನೋದು. ಅಪ್ಪನಿಗೇನಾಯ್ತೋ, ಹಸುಗೇನಾಯ್ತೋ ಅಂತ. ಈಗ ಹಾಗಿಲ್ಲ. ಆಪ್ ಕೈಕೊಟ್ಟಿರುತ್ತೆ ಅಂತ ಗೊತ್ತು.

"ಲೋ, ಬೆಳಿಗ್ಗೆಯಿಂದ ಇದು ಸುತ್ತುತಾನೇ ಐತೆ ಕಣೋ. ನಾಳೆ ಮೀಟಿಂಗಲ್ಲಿ ಸೂಪರ್‌ವೈಸರ್ ಮೇಡಂ ಎಲ್ಲಾರ ಮುಂದೆ ನಿಲ್ಲಿಸಿ ಕೇಳ್ತಾರೆ. ನೀನು ಇಂಜಿನಿಯರ್ ಅಲ್ವೇನೋ, ಏನಾದ್ರೂ ಮಾಡು."

"ಕ್ಯಾಶ್ ಕ್ಲಿಯರ್ ಮಾಡವ್ವ."

"ಕ್ಯಾಶಾ? ಅದೇ ಇಲ್ವಲ್ಲೋ ನಮ್ಮತ್ರ."

ನಕ್ಕಿದ್ದೆ. ಆಮೇಲೆ ಯೋಚಿಸಿದರೆ ನಗೋ ಮಾತೇನಲ್ಲ.

ಇಲ್ಲಿ ನಮ್ಮ ಆಫೀಸಿನ ಕ್ಯಾಂಟೀನಲ್ಲಿ ಇದೇ ಆಪ್ ಬಗ್ಗೆ ಬೇರೆ ಥರ ಮಾತಾಡ್ತಾರೆ. ಹೋದ ತಿಂಗಳು ಊಟದ ಹೊತ್ತಲ್ಲಿ ಒಬ್ಬ ಸಹೋದ್ಯೋಗಿ ಹೇಳಿದ: "ಈಗ ದೇಶದ ಪ್ರತಿ ಮಗುವಿನ ತೂಕ ದಿಲ್ಲಿಯಲ್ಲಿ ಕೂತು ನೋಡಬಹುದು ಮಾರಾಯ. ಇನ್ನೈದು ವರ್ಷ, ಅಪೌಷ್ಟಿಕತೆ ಅನ್ನೋದೇ ಇರಲ್ಲ." ದಿಲ್ಲಿಯಲ್ಲಿ ಕೂತು ನೋಡಿದರೆ ಮಗುವಿನ ತೂಕ ಏರುತ್ತಾ ಅಂತ ಕೇಳಬೇಕು ಅನ್ನಿಸಿತು. ಬಾಯಲ್ಲಿ ಅನ್ನ ಇತ್ತು, ಕೇಳಲಿಲ್ಲ. ಆವತ್ತು ನುಂಗಿದ್ದನ್ನ ಇಲ್ಲಿ ಬರೀತಿದ್ದೀನಿ.

ನಮ್ಮೂರಲ್ಲೊಂದು ಹುಡುಗಿ ಇದ್ದಾಳೆ. ಹೆಸರು ಬೇಡ. ಅಪ್ಪ ತೆಂಗಿನಕಾಯಿ ಸುಲಿಯೋ ಕೆಲಸಕ್ಕೆ ಹೋಗ್ತಾನೆ, ಅಮ್ಮ ಸಿಕ್ಕ ಕೂಲಿಗೆ. 2015ರಲ್ಲಿ ಆ ಮಗುವಿಗೆ ಎರಡೂವರೆ ವರ್ಷ. ಅಕ್ಕನ ಲಂಗ ಹಿಡಿದುಕೊಂಡು ಅಂಗನವಾಡಿಗೆ ಬಂದು ಮೂಲೆಯಲ್ಲಿ ಕೂತಿರೋದು. ಒಂದಿನ ಸಹಾಯಕಿಯ ಕೈಜಾರಿ ಸ್ಟೀಲ್ ತಟ್ಟೆಗಳೆಲ್ಲ ನೆಲಕ್ಕೆ ಬಿದ್ದವು. ಇಡೀ ಅಂಗನವಾಡಿ ಬೆಚ್ಚಿಬಿತ್ತು, ಎರಡು ಮಕ್ಕಳು ಅತ್ತೇ ಬಿಟ್ಟವು. ಇವಳು ಮಾತ್ರ ತಿರುಗಿಯೂ ನೋಡಲಿಲ್ಲ. ಅವ್ವನಿಗೆ ಅನುಮಾನ ಬಂತು. ಹಿಂದಿನಿಂದ ಹೋಗಿ ಚಪ್ಪಾಳೆ ತಟ್ಟಿದಳು. ಇಲ್ಲ. ಒಂದು ತಟ್ಟೆ ತಗೊಂಡು ಸೌಟಲ್ಲಿ ಬಾರಿಸಿದಳು. ಇಲ್ಲ. ಆವತ್ತೇ ಪುಸ್ತಕದಲ್ಲಿ ಬರೆದಳು: 'ಕಿವಿ ಕೇಳಿಸುವುದಿಲ್ಲ ಅನಿಸುತ್ತದೆ.'

ಮಕ್ಕಳ ತಪಾಸಣೆಯ ಗಾಡಿ ಊರಿಗೆ ಬಂದಾಗ ಡಾಕ್ಟರಿಗೆ ತೋರಿಸಿದಳು. ಅವರು ನೋಡಿದರು, ಹೌದು ಅಂದರು, ಕಾರ್ಡು ತುಂಬಿದರು, ದೊಡ್ಡಾಸ್ಪತ್ರೆಗೆ ಕರಕೊಂಡು ಹೋಗಿ ಅಂತ ಅಪ್ಪ ಅಮ್ಮನಿಗೆ ತಿಳಿಸಿ ಹೇಳಿದರು. ಆ ತಂಡದವರದ್ದು ಒಂದಿಷ್ಟೂ ತಪ್ಪಿಲ್ಲ. ಅಪ್ಪ ಅಮ್ಮ ಇಬ್ಬರೂ ಕೂಲಿ ಬಿಟ್ಟು, ಎರಡು ಬಸ್ಸು ಹತ್ತಿಳಿದು ಹೋದರು. ಕಿವಿ ಪರೀಕ್ಷೆ ಮಾಡೋರು ಇವತ್ತಿಲ್ಲ, ಗುರುವಾರ ಬನ್ನಿ ಅಂದರಂತೆ. ಗುರುವಾರ ಹೋಗಲಿಲ್ಲ. ಕಾಯಿ ಕೀಳೋ ಕಾಲ, ಕೆಲಸ ಬಿಟ್ಟರೆ ಬೇರೆಯವನಿಗೆ ಹೋಗುತ್ತೆ. ಕಾರ್ಡು ಟ್ರಂಕು ಸೇರಿತು.

ಆರು ತಿಂಗಳಾದ ಮೇಲೆ ಗಾಡಿ ಮತ್ತೆ ಬಂತು. ಮತ್ತೆ ನೋಡಿದರು, ಮತ್ತೆ ಕಾರ್ಡು. ಅದಾದ ಮೇಲೆ ಮೂರನೇ ಕಾರ್ಡು. ಲೆಕ್ಕದಲ್ಲಿ ಇದು ಹೇಗೆ ಕಾಣುತ್ತೆ ಯೋಚನೆ ಮಾಡಿ. ತಪಾಸಣೆ ಆದವರು: ಒಂದು. ಮೇಲಿನ ಆಸ್ಪತ್ರೆಗೆ ಕಳಿಸಿದವರು: ಒಂದು. ಮುಂದಿನ ಸಲವೂ ಒಂದು, ಅದರ ಮುಂದಿನ ಸಲವೂ ಒಂದು. ಒಂದೇ ಮಗುವಿಗೆ ಕಿವಿ ಕೇಳಿಸದೇ ಇದ್ದದ್ದು ಕಾಗದದ ಮೇಲೆ ಮೂರು ಸಾಧನೆ.

2019ರಲ್ಲಿ ಒಂದನೇ ಕ್ಲಾಸಿಗೆ ಸೇರಿದಳು. ಅಂಗನವಾಡಿಯ ಪುಸ್ತಕ ಅಂಗನವಾಡಿಯಲ್ಲೇ ಉಳಿಯಿತು. ಸ್ಕೂಲಿಗೆ ಹೋದದ್ದು ಹುಡುಗಿ ಮಾತ್ರ. ಎರಡು ತಿಂಗಳು ನೋಡಿ ಮೇಷ್ಟ್ರು 'ಮಗು ಸ್ವಲ್ಪ ಮಂದ' ಅಂದರು. ಆ ವರ್ಷ ದಸರಾ ರಜೆಗೆ ಊರಿಗೆ ಹೋದವನು ಅವಳನ್ನೂ ಅವರಮ್ಮನನ್ನೂ ಕಾರಲ್ಲಿ ಕೂರಿಸಿಕೊಂಡು ಮೈಸೂರಿಗೆ ಹೋದೆ. ಆಗ ಅವಳಿಗೆ ಆರು ದಾಟಿತ್ತು.

ಹುಟ್ಟಿದ ಒಂದು ತಿಂಗಳೊಳಗೆ ಕಿವಿ ಪರೀಕ್ಷೆ, ಮೂರು ತಿಂಗಳೊಳಗೆ ದೋಷ ಖಚಿತ, ಆರು ತಿಂಗಳೊಳಗೆ ಚಿಕಿತ್ಸೆ ಶುರು. ಇದು ಈ ವಿಷಯ ಬಲ್ಲವರು ಇಟ್ಟುಕೊಂಡಿರೋ ಗುರಿ. ಯಾಕೆಂದರೆ ಮಗು ಮಾತು ಕಲಿಯೋದು ಬಾಯಿಂದ ಅಲ್ಲ, ಕಿವಿಯಿಂದ. ಮೊದಲ ಕೆಲವು ವರ್ಷದಲ್ಲಿ ಮಿದುಳಿಗೆ ಶಬ್ದ ಬೀಳದಿದ್ದರೆ ಆಮೇಲೆ ಯಂತ್ರ ಹಾಕಿದರೂ ಅದು ಬರೀ ಸದ್ದು. ಹುಟ್ಟಿನಿಂದ ಕೇಳದ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸೋ ಕೇಂದ್ರದ ಯೋಜನೆಯಲ್ಲಿ ಐದು ವರ್ಷದ ಮಿತಿ ಇಟ್ಟಿರೋದು ಅದಕ್ಕೇ. ನಾವು ಹೋದದ್ದು ಆರಕ್ಕೆ. ಗೊತ್ತಾದದ್ದು ಎರಡೂವರೆಗೆ.

ಇದರಲ್ಲಿ ನನ್ನ ಪಾಲೂ ಇದೆ. 2016ರಲ್ಲೇ ಅವ್ವ ಫೋನಲ್ಲಿ ಹೇಳಿದ್ದಳು. "ಆಸ್ಪತ್ರೆಗೆ ಹೋಗೋಕೆ ಹೇಳವ್ವ" ಅಂದು ಬೇರೆ ಮಾತಿಗೆ ಹೋಗಿದ್ದೆ. ಎಲ್ಲರೂ ಮಾಡಿದ್ದು ಅದನ್ನೇ. ಎಲ್ಲರೂ ಹೇಳಿದರು. ಹೇಳೋದು ನಮ್ಮ ಕೆಲಸ, ಹೋಗೋದು ಅವರ ಕೆಲಸ.

ಈಗ ನನ್ನ ಹೊಟ್ಟೆಪಾಡಿನ ವಿಷಯ ಹೇಳ್ತೀನಿ. ನಮ್ಮ ತಂಡ ಅಮೆರಿಕದ ಒಂದು ವಿಮೆ ಕಂಪನಿಯ ವೆಬ್‌ಸೈಟು ನೋಡಿಕೊಳ್ಳುತ್ತೆ. ಅಲ್ಲಿ ಒಂದು ಬಟನ್ ಕೆಲಸ ಮಾಡದಿದ್ದರೆ ಟಿಕೆಟ್ ಏಳುತ್ತೆ. ಟಿಕೆಟಿಗೆ ನಂಬರಿರುತ್ತೆ, ನಂಬರಿನ ಪಕ್ಕ ಒಬ್ಬ ಮನುಷ್ಯನ ಹೆಸರಿರುತ್ತೆ. 'ತಂಡ', 'ಇಲಾಖೆ' ಅಂತ ಬರೆಯೋ ಹಾಗಿಲ್ಲ. ಒಂದೇ ಹೆಸರು. 'ಆ ತಂಡಕ್ಕೆ ತಿಳಿಸಿದ್ದೇನೆ' ಅಂತ ಬರೆದು ಟಿಕೆಟ್ ಮುಚ್ಚಿದರೆ ಮಾರನೇ ದಿನ ನನ್ನ ಮ್ಯಾನೇಜರು ನನ್ನನ್ನ ಬೆಂಚಿಗೆ ಕಳಿಸೋ ಮಾತಾಡ್ತಾರೆ. ತೊಂದರೆ ಅಂತ ಹೇಳಿದವನೇ 'ಸರಿಹೋಯಿತು' ಅನ್ನಬೇಕು, ಅಲ್ಲಿಯವರೆಗೆ ಟಿಕೆಟ್ ತೆರೆದೇ ಇರುತ್ತೆ, ಕೆಂಪಗೆ. ರಾತ್ರಿ ಎರಡು ಗಂಟೆಗೆ ಎದ್ದು ನಾನು ಬಟನ್ ಸರಿಮಾಡಿದ್ದೀನಿ. ಯಾರದ್ದೋ ದೇಶದ ಯಾರದ್ದೋ ಬಟನ್. ನಮ್ಮೂರಿನ ಮಗುವಿನ ಕಿವಿಗೆ ಅಷ್ಟು ವಾರಸುದಾರಿಕೆ ಇರಲಿಲ್ಲ.

ಇದೇನು ಹೊಸ ಕಾಯಿಲೆಯಲ್ಲ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ಅಂದರೆ ನಾವು ಅಂಗನವಾಡಿ ಅನ್ನೋದು, ಶುರುವಾದದ್ದು 1975ರ ಅಕ್ಟೋಬರ್ 2ಕ್ಕೆ, ದೇಶದ 33 ಕಡೆ. ನಮ್ಮ ರಾಜ್ಯದಲ್ಲಿ ಟಿ. ನರಸೀಪುರದಲ್ಲಿ. ಆವಾಗಲೇ ಆರು ಸೇವೆ ಅಂತ ಬರೆದರು: ಪೂರಕ ಆಹಾರ, ಶಾಲಾಪೂರ್ವ ಶಿಕ್ಷಣ, ಆರೋಗ್ಯ ಮತ್ತು ಪೌಷ್ಟಿಕತೆ ಬಗ್ಗೆ ತಿಳಿವಳಿಕೆ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆರನೆಯದು ರೆಫರಲ್, ಮೇಲಿನ ಆಸ್ಪತ್ರೆಗೆ ಕಳಿಸೋದು. ಮೊದಲ ಮೂರು ಮಹಿಳಾ ಮತ್ತು ಮಕ್ಕಳ ಇಲಾಖೆ ಪಾಲಿಗೆ, ಕೊನೆಯ ಮೂರು ಆರೋಗ್ಯ ಇಲಾಖೆ ಪಾಲಿಗೆ. ಮಗುವನ್ನ ನಡುವಿಗೆ ಸರಿಯಾಗಿ ಗೆರೆ ಎಳೆದು ಹಂಚಿದ ಹಾಗೆ. ಆರು ವರ್ಷ ಆದಮೇಲೆ ಮೂರನೇ ಪಾಲುದಾರ ಬರುತ್ತೆ, ಶಿಕ್ಷಣ ಇಲಾಖೆ. 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಬಂತು. ಹುಟ್ಟಿನಿಂದ 18 ವರ್ಷದವರೆಗೆ, 30 ಥರದ ತೊಂದರೆಗೆ ತಪಾಸಣೆ, ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸ್ಕೂಲಿಗೆ ಒಂದು ಸಲ ಗಾಡಿ. ಯೋಚನೆ ಬಹಳ ಒಳ್ಳೇದು, ಇದನ್ನ ಹೊಗಳೋಕೆ ನನಗೆ ಸಂಕೋಚ ಇಲ್ಲ. ಎದೆಯಲ್ಲಿ ತೂತಿದ್ದ ಮಗು, ಸೀಳುತುಟಿಯ ಮಗು ಇದರಿಂದ ಸರಿಹೋದದ್ದನ್ನ ಅವ್ವನ ವೃತ್ತದಲ್ಲೇ ನೋಡಿದ್ದೀನಿ. 2014ರಲ್ಲಿ 10ರಿಂದ 19 ವರ್ಷದವರಿಗೆ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ. 2018ರ ಮಾರ್ಚ್ 8ಕ್ಕೆ ಪೋಷಣ್ ಅಭಿಯಾನ. ಎಲ್ಲದರ ಕಾಗದದಲ್ಲೂ ಒಂದು ಪದ ತಪ್ಪದೇ ಬರುತ್ತೆ, 'ಸಮನ್ವಯ'. ಇಲಾಖೆಗಳ ಸಮನ್ವಯ, ಸಚಿವಾಲಯಗಳ ಸಮನ್ವಯ, ಕೇಂದ್ರ-ರಾಜ್ಯ ಸಮನ್ವಯ.

ಸಮನ್ವಯ ಅನ್ನೋದು ಸಭೆಯಲ್ಲಿ ಬಿಸ್ಕೆಟ್ ಜೊತೆ ಆಗುತ್ತೆ. ಊರಲ್ಲಿ ಅದು ಆಗೋದು ನಮ್ಮವ್ವನ ಮೊಣಕಾಲಲ್ಲಿ. ತೂಕ ಹಾಕೋಳು ಅವಳು, ಸಿಸ್ಟರ್ ಬರೋ ದಿನ ಮನೆಮನೆಗೆ ಹೋಗಿ ಮಕ್ಕಳನ್ನ ಕರೆಯೋಳು ಅವಳು, ಗಾಡಿ ಬಂದಾಗ ಮಕ್ಕಳನ್ನ ಸಾಲಾಗಿ ಕೂರಿಸೋಳು ಅವಳು, ಎಲೆಕ್ಷನ್ ಬಂದರೆ ಬಿಎಲ್‌ಓ ಕೂಡ ಅವಳೇ. ದೇಶದ 14 ಲಕ್ಷ ಅಂಗನವಾಡಿಗಳಲ್ಲಿ ಇದೇ ಕಥೆ.

ಹಾಗಾದರೆ ಈ ದೇಶದ ಕೈಯಲ್ಲಿ ಆಗಲ್ವಾ? ಆಗುತ್ತೆ. ಆಗಿದ್ದನ್ನ ನಾನು ಕಣ್ಣಾರೆ ನೋಡಿದ್ದೀನಿ, ಐಸ್ ಡಬ್ಬಿ ಹೊತ್ತಿದ್ದೀನಿ.

ನಾನು ಹೈಸ್ಕೂಲಲ್ಲಿದ್ದಾಗ ಪೋಲಿಯೋ ಭಾನುವಾರ ಅಂದರೆ ನಮ್ಮನೆಯಲ್ಲಿ ಹಬ್ಬದ ಗಡಿಬಿಡಿ. ಬೆಳಿಗ್ಗೆ ಬೂತಿನಲ್ಲಿ ಹನಿ ಹಾಕೋದು, ಎಡಗೈ ಕಿರುಬೆರಳಿಗೆ ಮಸಿ. ಮಾರನೇ ದಿನದಿಂದ ಮನೆಮನೆ. ಅವ್ವನ ಜೊತೆ ಡಬ್ಬಿ ಹೊತ್ತುಕೊಂಡು ನಾನು. ಮನೆಯ ಎಲ್ಲ ಮಕ್ಕಳಿಗೂ ಹನಿ ಬಿದ್ದಿದ್ದರೆ ಗೋಡೆ ಮೇಲೆ ಸೀಮೆಸುಣ್ಣದಲ್ಲಿ 'ಪಿ' ಅಂತ ಬರೆಯೋದು. ಒಂದು ಮಗು ತಪ್ಪಿದ್ದರೂ 'ಎಕ್ಸ್'. ಮಗು ಅಜ್ಜಿ ಮನೆಗೆ ಹೋಗಿದ್ದರೂ ಎಕ್ಸ್, ಮನೆಗೆ ಬೀಗ ಇದ್ದರೂ ಎಕ್ಸ್, 'ನಮ್ಮ ಮಗುಗೆ ಬೇಡ' ಅಂದರೂ ಎಕ್ಸ್. ಪಕ್ಕದಲ್ಲಿ ತಾರೀಖು, ತಂಡದ ನಂಬರು, ಮುಂದಿನ ಮನೆ ಯಾವ ಕಡೆ ಅಂತ ಒಂದು ಬಾಣ. ಸಂಜೆ ಮೇಲಿನವರು ಕೇಳೋದು ಎಷ್ಟು 'ಪಿ' ಅಂತ ಅಲ್ಲ. ಎಷ್ಟು ಎಕ್ಸ್ ಉಳಿದಿವೆ ಅಂತ. ಎಕ್ಸ್ ಬಿದ್ದ ಮನೆಗೆ ಮತ್ತೆ ಹೋಗಬೇಕು. ಅದು ಪಿ ಆಗೋವರೆಗೆ ಹೋಗಬೇಕು.

ಒಂದು ಸಲ ತೋಟದ ಮನೆಯೊಂದರಲ್ಲಿ ಯಜಮಾನರು ಬೈದು ಕಳಿಸಿದರು. ಅವ್ವ ಮೂರು ಸಲ ಹೋದಳು. ಮೂರನೇ ಸಲ ಅವರ ತಾಯಿಯ ಹತ್ತಿರ ಕೂತು ಎಲೆ ಅಡಿಕೆ ಹಾಕಿಕೊಂಡು, ಕೊಬ್ಬರಿ ರೇಟು ಮಾತಾಡಿ, ಎದ್ದು ಬರುವಾಗ ಮಗುವಿನ ಬಾಯಿಗೆ ಎರಡು ಹನಿ ಹಾಕಿ ಬಂದಳು. ಗೋಡೆ ಮೇಲಿನ ಎಕ್ಸನ್ನ ಸೆರಗಲ್ಲಿ ಒರೆಸಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ದೇಶದ ಆ ತುದಿಯಲ್ಲೂ ಅದೇ ನಡೀತಿತ್ತು. ಬಿಹಾರದಲ್ಲಿ ಕೋಸಿ ನದಿಯ ಬಯಲಿಗೆ ದೋಣಿಯಲ್ಲಿ ಹೋದರು. ಇಟ್ಟಿಗೆ ಗೂಡು, ರೈಲು, ಬಸ್ ಸ್ಟ್ಯಾಂಡು ಬಿಡಲಿಲ್ಲ. 1997ರಲ್ಲಿ ಸರ್ಕಾರ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ ಕಟ್ಟಿದ ನಿಗಾ ಜಾಲ ಇತ್ತು. ರೋಟರಿ, ಯುನಿಸೆಫ್ ಜೊತೆಗಿದ್ದವು. 15 ವರ್ಷದೊಳಗಿನ ಯಾವ ಮಗುವಿಗಾದರೂ ಇದ್ದಕ್ಕಿದ್ದಂತೆ ಕೈಕಾಲು ಸೋತರೆ ತಿಳಿಸಬೇಕು, ಎರಡು ಸಲ ಮಲದ ಮಾದರಿ ತೆಗೆಯಬೇಕು. 60 ದಿನ ಆದಮೇಲೆ ಹುಡುಕಿಕೊಂಡು ಹೋಗಿ ಆ ಮಗುವಿನ ಕಾಲು ಹೇಗಿದೆ ಅಂತ ನೋಡಬೇಕು. ಈ 60ನೇ ದಿನದ ಭೇಟಿ ನೋಡಿ, ನನ್ನ ಲೆಕ್ಕದಲ್ಲಿ ಇಡೀ ಕಾರ್ಯಕ್ರಮದ ಪ್ರಾಣ ಇದ್ದದ್ದು ಅಲ್ಲಿ. 2009ರಲ್ಲಿ 741 ಕೇಸು. ಜಗತ್ತಿನಲ್ಲೇ ಹೆಚ್ಚು. 2010ರಲ್ಲಿ 42. 2011ರಲ್ಲಿ ಒಂದು, ಜನವರಿ 13, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಒಂದು ಹೆಣ್ಣುಮಗು. ಅದೇ ಕೊನೆ. 2014ರ ಮಾರ್ಚ್ 27ಕ್ಕೆ ಸರ್ಟಿಫಿಕೇಟು ಬಂತು.

ಸ್ಮಾರ್ಟ್‌ಫೋನು ಇರಲಿಲ್ಲ ಸ್ವಾಮಿ. ಸೀಮೆಸುಣ್ಣ ಇತ್ತು.

ಪೋಲಿಯೋಗೆ ಎರಡು ಹನಿ ಸಾಕು, ಅಪೌಷ್ಟಿಕತೆಗೆ ಅಂಥ ಹನಿ ಎಲ್ಲಿದೆ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಪೋಲಿಯೋ ಹಿಂದೆ ಬಿದ್ದು ಉಳಿದ ಚುಚ್ಚುಮದ್ದು ಕಡೆಗಣಿಸಿದರು ಅನ್ನೋ ದೂರೂ ಇತ್ತು, ಅದರಲ್ಲೂ ಹುರುಳಿದೆ. ಉತ್ತರ ಪ್ರದೇಶದಲ್ಲಿ ಜನ 'ನಮಗೆ ರಸ್ತೆ ಇಲ್ಲ, ನೀರಿಲ್ಲ, ನೀವು ಬರೋದು ಬರೀ ಹನಿ ಹಾಕೋಕೆ' ಅಂತ ಬಾಗಿಲು ಹಾಕಿದರು. ಆಮೇಲೆ ಉತ್ತರ ಪ್ರದೇಶ, ಬಿಹಾರದ 107 ಬ್ಲಾಕುಗಳಲ್ಲಿ ನೈರ್ಮಲ್ಯ, ಬೇಧಿಯ ಚಿಕಿತ್ಸೆ, ಎದೆಹಾಲಿನ ಮಾತನ್ನೂ ಸೇರಿಸಿಕೊಂಡರು. ನಾನು ಹೇಳ್ತಿರೋದು ಹನಿ ಬಗ್ಗೆ ಅಲ್ಲ, ಎಕ್ಸ್ ಬಗ್ಗೆ. ಬಿಟ್ಟುಹೋದವರ ಲೆಕ್ಕ ಇಡೋ ಚಾಳಿ ಬಗ್ಗೆ.

ಆ ಚಾಳಿ ಪೂರ್ತಿ ಸತ್ತಿಲ್ಲ. ಇವತ್ತಿಗೂ ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ಆರೋಗ್ಯ ದಿನ ನಡೆಯುತ್ತೆ. ಸಿಸ್ಟರು, ಆಶಾ, ಅವ್ವ ಮೂವರೂ ಒಂದೇ ಚಾಪೆ ಮೇಲೆ ಕೂತು ಯಾವ ಮಗುವಿಗೆ ಯಾವ ಚುಚ್ಚುಮದ್ದು ಬಾಕಿ ಅಂತ ಹೆಸರು ಹಿಡಿದು ಪಟ್ಟಿ ಮಾಡ್ತಾರೆ. ಸಮನ್ವಯ ಅಂದರೆ ಅದು. ಅದರ ಫಲ ನೋಡಿ. ಕರ್ನಾಟಕದಲ್ಲಿ ಪೂರ್ತಿ ಚುಚ್ಚುಮದ್ದು ಆದ ಮಕ್ಕಳು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ ಶೇ 62.6 ಇದ್ದರು, ಐದನೇ ಸುತ್ತಿನಲ್ಲಿ, ಅಂದರೆ 2019-21ರಲ್ಲಿ, ಶೇ 84.1. ಅದೇ ಎರಡು ಸುತ್ತಿನಲ್ಲಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದ ಮಕ್ಕಳು 36.2ರಿಂದ 35.4ಕ್ಕೆ ಇಳಿದರು. ಇಳಿದರು ಅನ್ನೋಕೂ ನಾಚಿಕೆ. ಐದು ವರ್ಷದೊಳಗಿನ ಮಕ್ಕಳಲ್ಲಿ ರಕ್ತಹೀನತೆ 60.9ರಿಂದ 65.5ಕ್ಕೆ ಏರಿತು. ರಕ್ತ ಅಳೆಯೋ ವಿಧಾನದ ಬಗ್ಗೆ ತಜ್ಞರಲ್ಲಿ ತಕರಾರಿದೆ, ಒಪ್ಪಿದೆ. ಅಳತೆ ಸ್ವಲ್ಪ ಆಚೀಚೆ ಆದರೂ ಮೂರರಲ್ಲಿ ಎರಡು ಮಗು ಅನ್ನೋದು ಸಣ್ಣ ಮಾತಲ್ಲ.

ದೊಡ್ಡ ಮಕ್ಕಳ ಕಥೆಯೂ ಬೇರೆ ಇಲ್ಲ. ವಾರಕ್ಕೊಂದು ನೀಲಿ ಕಬ್ಬಿಣಾಂಶದ ಮಾತ್ರೆ ಹೈಸ್ಕೂಲು ಮಕ್ಕಳಿಗೆ ಕೊಡ್ತಾರೆ. ಬೆಳಿಗ್ಗೆ ಏನೂ ತಿನ್ನದೆ ಬಂದ ಹುಡುಗಿ ಖಾಲಿ ಹೊಟ್ಟೆಗೆ ನುಂಗಿ ವಾಂತಿ ಮಾಡಿಕೊಂಡರೆ ಮುಂದಿನ ವಾರದಿಂದ ಇಡೀ ಬೆಂಚು ಮಾತ್ರೆಯನ್ನ ಜಾಮಿಟ್ರಿ ಬಾಕ್ಸಿಗೆ ಹಾಕಿಕೊಳ್ಳುತ್ತೆ. ಊಟ ಆದಮೇಲೆ ಕೊಡಿ ಅಂತ ಸೂಚನೆ ಇದೆ. ನಿಂತು ನೋಡೋಕೆ ಯಾರೂ ಇಲ್ಲ. ಹಂಚಿದ್ದು ಲೆಕ್ಕಕ್ಕೆ ಬರುತ್ತೆ, ನುಂಗಿದ್ದು ಬರಲ್ಲ. ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ರಕ್ತಹೀನತೆ ಶೇ 54.1 ಇದ್ದದ್ದು 59.1 ಆಯ್ತು. ಇವರೇ ನಾಳೆ ತಾಯಂದಿರು, ಇವರ ಮಕ್ಕಳ ತೂಕವನ್ನೇ ನಾಳೆ ದಿಲ್ಲಿಯಲ್ಲಿ ಕೂತು ನೋಡೋದು.

ಈಗ ಆಪ್ ವಿಷಯಕ್ಕೆ ಬರೋಣ. ಅವ್ವ ಒಂದು ಕಾಲಕ್ಕೆ 11 ರಿಜಿಸ್ಟರ್ ಬರೀತಿದ್ದಳು. ಫೋನು ಬಂದರೆ ಅದು ತಪ್ಪುತ್ತೆ ಅಂದರು. ಮೊದಲೊಂದು ಆಪ್ ಮಾಡಿದರು, ಅದನ್ನ ನಿಲ್ಲಿಸಿದರು, 2021ರಲ್ಲಿ ಪೋಷಣ್ ಟ್ರ್ಯಾಕರ್ ತಂದರು. ಅವ್ವ ಫೋನಿಗೂ ಬರೀತಾಳೆ, ಪುಸ್ತಕಕ್ಕೂ ಬರೀತಾಳೆ. 2025ರ ಜುಲೈ 1ರಿಂದ ಮನೆಗೆ ಕೊಡೋ ಆಹಾರದ ಪೊಟ್ಟಣಕ್ಕೆ ಮುಖ ಗುರುತು ಕಡ್ಡಾಯ. ತಾಯಿ ಬಂದು ಫೋನಿನ ಮುಂದೆ ನಿಲ್ಲಬೇಕು. ಅದಕ್ಕೂ ಮೊದಲು ಆಧಾರ್ ಜೋಡಿಸೋಕೆ ಓಟಿಪಿ. ಓಟಿಪಿ ಬರೋದು ಗಂಡನ ಫೋನಿಗೆ, ಗಂಡ ಇರೋದು ಪೀಣ್ಯದ ಫ್ಯಾಕ್ಟರಿಯಲ್ಲಿ, ಫೋನು ಲಾಕರಿನಲ್ಲಿ. ನೆಟ್‌ವರ್ಕು ಸಿಗೋದು ಅಂಗನವಾಡಿ ಎದುರಿನ ಹೊಂಗೆ ಮರದ ಕೆಳಗೆ. ಅಲ್ಲಿ ಬಿಸಿಲಿಗೆ ಮುಖ ಸರಿಯಾಗಿ ಬೀಳಲ್ಲ. ಕಂಕುಳಲ್ಲಿ ಮಗು ಅಳ್ತಾ ಇರುತ್ತೆ, ಆ ಮಗು ಯಾರದ್ದು ಅಂತ ಇಡೀ ಊರಿಗೆ ಗೊತ್ತು, ಅದು ಹುಟ್ಟಿದ ರಾತ್ರಿ ಆಂಬುಲೆನ್ಸಿಗೆ ಫೋನು ಮಾಡಿದ್ದೇ ಅವ್ವ. ಫೋನಿಗೆ ಮಾತ್ರ ಗೊತ್ತಾಗ್ತಿಲ್ಲ.

ಕಳ್ಳತನ ಇದೆಯಲ್ಲ, ಅದಕ್ಕೇ ಇದೆಲ್ಲ ಅಂತೀರಿ. ಇದೆ. ಇಲ್ಲ ಅಂದರೆ ನನ್ನ ನಾಲಿಗೆ ಹೊರಳಲ್ಲ. ಹೆಸರಿಗೆ ಮಾತ್ರ ಇರೋ ಮಕ್ಕಳ ಪಟ್ಟಿ ಕೇಳಿದ್ದೀನಿ, ಪೌಷ್ಟಿಕ ಪುಡಿ ಕರುವಿನ ಬಾನಿಗೆ ಹೋಗಿದ್ದನ್ನ ನಮ್ಮೂರಲ್ಲೇ ನೋಡಿದ್ದೀನಿ. ಪುಡಿ ಯಾಕೆ ಬಾನಿಗೆ ಹೋಯ್ತು? ಮಗು ತಿನ್ನಲಿಲ್ಲ, ಅದಕ್ಕೆ. ಅದೇ ಮನೆಗೆ ಮೊಟ್ಟೆ ಕೊಟ್ಟಾಗ ಕರುವಿಗೆ ಹಾಕಲಿಲ್ಲ. ಮೊಟ್ಟೆ ದುಡ್ಡು ತಡವಾದಾಗ ಅಂಗಡಿಯವನ ಹತ್ತಿರ ಸಾಲ ಹೇಳಿ ಮೊಟ್ಟೆ ತಂದದ್ದು ಯಾರು ಅಂತ ಯಾವ ಆಪಿನಲ್ಲೂ ಇಲ್ಲ. ಸೋರೋ ಪೈಪಿನ ಕೊನೆಯ ನಲ್ಲಿಗೆ ಕ್ಯಾಮೆರಾ ಇಟ್ಟು, ನಲ್ಲಿ ಹಿಡಿದುಕೊಂಡ ಹೆಂಗಸಿನ ಮೇಲೆ ಅನುಮಾನ ಪಡೋದು ಯಾವ ಬುದ್ಧಿವಂತಿಕೆ?

ಅವಳನ್ನ ನೌಕರಳು ಅಂತ ಕರೆಯೋಕೂ ಈ ದೇಶಕ್ಕೆ ಮನಸ್ಸಿಲ್ಲ. ಕೊಡೋದಕ್ಕೆ ಸಂಬಳ ಅನ್ನಲ್ಲ, 'ಗೌರವಧನ' ಅಂತಾರೆ. 2018ರ ಅಕ್ಟೋಬರಿನಿಂದ ಕೇಂದ್ರದ ಲೆಕ್ಕದಲ್ಲಿ ತಿಂಗಳಿಗೆ 4,500 ರೂಪಾಯಿ, ಸಹಾಯಕಿಗೆ 2,250. ಅದರ ಮೇಲೆ ರಾಜ್ಯ ತನ್ನದು ಸೇರಿಸಬೇಕು. ನಿವೃತ್ತಿಗೆ ಗ್ರಾಚ್ಯುಟಿ ಇವರಿಗೂ ಸಲ್ಲುತ್ತೆ ಅಂತ ಹೇಳೋಕೆ 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೇ ಬರಬೇಕಾಯ್ತು. 2017ರ ಮಾರ್ಚಿನಲ್ಲಿ ರಾಜ್ಯದ ಸಾವಿರಾರು ಅಂಗನವಾಡಿ ಹೆಂಗಸರು ಬೆಂಗಳೂರಿನ ಫ್ರೀಡಂ ಪಾರ್ಕ್ ಹತ್ತಿರದ ರಸ್ತೆಯಲ್ಲಿ ಕೂತರು, ಅಲ್ಲೇ ಮಲಗಿದರು. ಆ ವಾರ ನಮ್ಮ ಆಫೀಸಿನ ಕ್ಯಾಬಿನಲ್ಲಿ ಎಲ್ಲರೂ ಟ್ರಾಫಿಕ್ಕಿಗೆ ಬೈತಿದ್ದರು. 'ಯಾರೋ ಹೆಂಗಸರು ರೋಡ್ ಬ್ಲಾಕ್ ಮಾಡಿದಾರಂತೆ.' ಆ ಯಾರೋ ಹೆಂಗಸರಲ್ಲಿ ನಮ್ಮವ್ವ ಇದ್ದಳು. ಸಂಜೆ ಚಾದರ, ಇಡ್ಲಿ ತಗೊಂಡು ಹೋಗಿ ಕೊಟ್ಟು ಬಂದೆ. ಕ್ಯಾಬಿನಲ್ಲಿ ಮಾತ್ರ ಬಾಯಿ ಬಿಡಲಿಲ್ಲ. ಇದನ್ನ ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ನನ್ನ ಕಸುಬಿನವರಿಗೆ ನೇರವಾಗಿ ಒಂದು ಮಾತು. ನಾವು ಕಟ್ಟೋ ಡ್ಯಾಶ್‌ಬೋರ್ಡು ಆಗಿದ್ದನ್ನ ಎಣಿಸುತ್ತೆ, ಯಾಕಂದರೆ ಆಗಿದ್ದನ್ನ ಎಣಿಸೋದು ಸುಲಭ, ತೋರಿಸೋಕೆ ಚೆನ್ನ, ಹಸಿರು ಬಣ್ಣ ಬರುತ್ತೆ. ಆಗದೇ ಇದ್ದದ್ದನ್ನ ಎಣಿಸಿ ತೋರಿಸಿ ನೋಡೋಣ. ಕಾರ್ಡು ಕೊಟ್ಟಾದಮೇಲೆ 60ನೇ ದಿನಕ್ಕೆ ಆ ಮಗು ಎಲ್ಲಿದೆ? ಆಸ್ಪತ್ರೆ ತಲುಪಿತಾ, ತಲುಪಿದರೆ ಯಂತ್ರ ಸಿಕ್ಕಿತಾ? ಸಿಗದಿದ್ದರೆ ಯಾರ ಹೆಸರಿನ ಮುಂದೆ ಕೆಂಪು? ಅದಕ್ಕೆ ದೊಡ್ಡ ತಂತ್ರಜ್ಞಾನ ಬೇಡ. ನಾಲ್ಕು ಕಾಲಮ್ ಸಾಕು, ಕಾಲೇಜಿನ ಹುಡುಗರು ವಾರದಲ್ಲಿ ಬರೆದುಕೊಡ್ತಾರೆ. ಬೇಕಾಗಿರೋದು ಕೆಂಪು ಬಿದ್ದಾಗ ಉತ್ತರ ಹೇಳಬೇಕಾದ ಒಬ್ಬ ಮನುಷ್ಯ. ಅವನನ್ನ ನೇಮಿಸೋಕೆ ಮೂರು ಇಲಾಖೆ ಒಪ್ಪಬೇಕು, ಸಂಬಳ ಕೊಡಬೇಕು, ಆಪಿಗಿಂತ ಅದು ದುಬಾರಿ. ಅದಕ್ಕೇ ಆಪು.

ಆ ಮನುಷ್ಯನ ಕೈಯಲ್ಲಿ ಬಸ್ ಚಾರ್ಜಿಗೂ ಎರಡು ದಿನದ ಕೂಲಿಗೂ ದುಡ್ಡಿರಬೇಕು. ತೀರಾ ಅಪೌಷ್ಟಿಕ ಮಗುವನ್ನ ಪುನಶ್ಚೇತನ ಕೇಂದ್ರಕ್ಕೆ ಸೇರಿಸಿದರೆ ಜೊತೆಗಿರೋ ತಾಯಿಗೆ ಕೂಲಿ ನಷ್ಟದ ಹಣ ಕೊಡ್ತಾರೆ. ಅಂದರೆ ಸರ್ಕಾರಕ್ಕೆ ಈ ವಿಷಯ ಅರ್ಥ ಆಗಿದೆ, ಒಂದು ಕಡೆ. ಕಿವಿಗೆ, ಕಣ್ಣಿಗೆ, ಹೃದಯಕ್ಕೆ ಯಾಕೆ ಅರ್ಥ ಆಗಲ್ಲ? ಚಿಕಿತ್ಸೆ ಉಚಿತ ಅಂತ ಬೋರ್ಡು ಹಾಕ್ತೀರಿ. ಚಿಕಿತ್ಸೆಗೆ ಹೋಗೋ ದಿನ ಉಚಿತ ಅಲ್ಲ ಅನ್ನೋದು ಕಾಯಿ ಸುಲಿಯೋನಿಗೆ ಗೊತ್ತು. ಅವನು ಹೋಗಲಿಲ್ಲ ಅಂತ ಅವನನ್ನೇ ಬೈಯೋರನ್ನ ಕಂಡರೆ ನನಗೆ ಮೈ ಉರಿಯುತ್ತೆ. ರಜೆ ಹಾಕಿದರೂ ಸಂಬಳ ಬರೋ ನಾನೇ ನಾಲ್ಕು ವರ್ಷ ಹೋಗಲಿಲ್ಲವಲ್ಲ.

ಹುಡುಗಿಗೆ ಈಗ ಹನ್ನೆರಡು ದಾಟಿದೆ. ಕಿವಿಗೆ ಯಂತ್ರ ಇದೆ, ಕಿವುಡ ಮಕ್ಕಳ ಸ್ಕೂಲಲ್ಲಿ ಓದ್ತಾಳೆ, ಕೈಸನ್ನೆ ಭಾಷೆಯಲ್ಲಿ ಬಹಳ ಚುರುಕು; ಅವರಮ್ಮ ನಾಲ್ಕು ಸನ್ನೆ ಕಲಿತಿದ್ದಾಳೆ, ಉಳಿದದ್ದಕ್ಕೆ ಇಬ್ಬರೂ ನಗ್ತಾರೆ. ಚಿತ್ರ ಚೆನ್ನಾಗಿ ಬರೀತಾಳೆ. ಹೋದ ಸಲ ಊರಿಗೆ ಹೋದಾಗ ನನ್ನ ಕಾರಿನ ಧೂಳಲ್ಲಿ ಬೆರಳಾಡಿಸಿ ನನ್ನ ಮುಖ ಬರೆದಿದ್ದಳು, ಹೊಟ್ಟೆ ಸಮೇತ.

ಅವ್ವನಿಗೆ ನಿವೃತ್ತಿಗೆ ಇನ್ನು ಸ್ವಲ್ಪವೇ ಕಾಲ. ಆವತ್ತು ರಾತ್ರಿ ಊಟ ಆದಮೇಲೆ ಕನ್ನಡಕ ಹಾಕಿಕೊಂಡು ಫೋನಿಗೆ ತೂಕ ತುಂಬಿಸ್ತಾ ಕೂತಿದ್ದಳು. ಪಕ್ಕದಲ್ಲಿ ಒಂದು ಹಳೇ ಡೈರಿ, ಯಾವುದೋ ಸಹಕಾರಿ ಬ್ಯಾಂಕು ಕೊಟ್ಟಿದ್ದು. ಇದೇನವ್ವ, ಇದೂ ರಿಜಿಸ್ಟರಾ ಅಂದೆ. "ಅಲ್ಲ ಕಣೋ, ಇದು ನಂದು" ಅಂದಳು. ತೆಗೆದು ನೋಡಿದೆ. ಎಡಗಡೆ ಮಕ್ಕಳ ಹೆಸರು, ಮುಂದೆ ತೊಂದರೆ ಏನು ಅಂತ ಎರಡೇ ಪದ, ಅದರ ಮುಂದೆ ಗಾಡಿ ಬಂದ ತಾರೀಖು. ಬಲಗಡೆ ಕೊನೆಯ ಸಾಲಿನ ತಲೆಮೇಲೆ 'ಮತ್ತೆ ಹೋಗಬೇಕು' ಅಂತ ಬರೆದಿದ್ದಳು. ಆ ಪುಟದಲ್ಲಿ ನಾಲ್ಕು ಎಕ್ಸ್ ಇದ್ದವು. ಒಂದನ್ನ ಹೊಡೆದುಹಾಕಿ ಪಕ್ಕದಲ್ಲಿ 'ಪಿ' ಅಂತ ಬರೆದಿತ್ತು.